ಎಲ್‌ಟಿಸ್ಪೈಸ್‌ನ ವೇವ್‌ಫಾರ್ಮ್ ಕಿಟಕಿ: ಬರೆದಿಡುವುದೇನು, ಬಿಟ್ಟುಬಿಡುವುದೇನು

ಸರ್ಕ್ಯೂಟನ್ನು ಕಟ್ಟುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಷನ್ ಸಾಫ್ಟ್‌ವೇರ್ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಅದರ ಲೈಬ್ರರಿಯಲ್ಲಿ ಎಷ್ಟು ಬಿಡಿಭಾಗ ಇವೆ ಎಂದು. ಲೆಕ್ಕ ತಪ್ಪುವುದು ಹೆಚ್ಚಾಗಿ ಬೇರೆ ಕಡೆ. ಸರ್ಕ್ಯೂಟ್ ಸರಿ ಇರುತ್ತದೆ, ಮಾಡೆಲ್ ಸರಿ ಇರುತ್ತದೆ, ಆದರೆ ಪರದೆಯ ಮೇಲಿನ ಗೆರೆಯನ್ನು ಓದಿದ ರೀತಿ ತಪ್ಪಿರುತ್ತದೆ. ಅಥವಾ ಬೇಕಾದ ಸಿಗ್ನಲ್ಲೇ ಫೈಲಿಗೆ ಬಂದಿರುವುದಿಲ್ಲ. ಹಾಗಾಗಿ ಈ ವಿಮರ್ಶೆ ಎಲ್‌ಟಿಸ್ಪೈಸ್ ಎಂಬ ಅಂಥ ಸಾಫ್ಟ್‌ವೇರಿನ ಒಂದೇ ಭಾಗವನ್ನು ಹಿಡಿದುಕೊಂಡಿದೆ: ಸಿಗ್ನಲ್ ಬರೆದಿಡುವುದು ಮತ್ತು ನೋಡುವುದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಕೊಡದೆ ಸಿಗುವ ಸಾಧನಗಳಲ್ಲಿ ಇದರ ವೇವ್‌ಫಾರ್ಮ್ ವ್ಯೂವರ್‌ನಷ್ಟು (ಸಿಗ್ನಲ್ ಗೆರೆ ತೋರಿಸುವ ಕಿಟಕಿ) ಕೈಗೆ ಹೊಂದುವ ಇನ್ನೊಂದಿಲ್ಲ. ಆದರೆ ಅದು ಬಂದ ಸ್ಥಿತಿಯಲ್ಲೇ ಬಳಸಿದರೆ ಎರಡು ಮೂರು ಕಡೆ ಸದ್ದಿಲ್ಲದೆ ದಾರಿ ತಪ್ಪಿಸುತ್ತದೆ.

ಸ್ಪೈಸ್ ಎಂಬ ಲೆಕ್ಕದ ಪದ್ಧತಿ 1973ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂದದ್ದು. ಎಲ್‌ಟಿಸ್ಪೈಸ್ ಅದರ ಸಂತತಿ. ಲೀನಿಯರ್ ಟೆಕ್ನಾಲಜಿಯಲ್ಲಿ ಮೈಕ್ ಎಂಗೆಲ್‌ಹಾರ್ಟ್ ಬರೆದ ಇದು 1999ರಿಂದ ಸಾರ್ವಜನಿಕರಿಗೆ ಸಿಗುತ್ತಿದೆ. 2017ರಲ್ಲಿ ಆ ಕಂಪನಿ ಅನಲಾಗ್ ಡಿವೈಸಸ್ ಪಾಲಾಯಿತು. ಪರವಾನಗಿ ಕೀಲಿ ಬೇಡ, ಒಮ್ಮೆ ಇನ್‌ಸ್ಟಾಲ್ ಮಾಡಿದರೆ ನೆಟ್ಟಿನ ಹಂಗೂ ಇಲ್ಲ. ಬಳ್ಳಾರಿ, ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯ ಹಳೇ ಲ್ಯಾಪ್‌ಟಾಪಿಗೂ, ಸ್ಟಾರ್ಟರ್ ರಿಪೇರಿ ಅಂಗಡಿಯ ಕಂಪ್ಯೂಟರಿಗೂ ಇದು ಭಾರವಾಗುವುದಿಲ್ಲ.

ಪರೀಕ್ಷೆಗೆ ಇಟ್ಟ ಸರ್ಕ್ಯೂಟ್

ನಮ್ಮ ಸೀಮೆಯದೇ ಒಂದು ಸರ್ಕ್ಯೂಟ್ ತೆಗೆದುಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಭತ್ತದ ಗದ್ದೆಗಳಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಡಬ್ಬಿ ಇರುತ್ತದಲ್ಲ, ಅದರೊಳಗಿನ ಸಣ್ಣ ಪವರ್ ಸಪ್ಲೈ. 230 ವೋಲ್ಟ್‌ನಿಂದ 12 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡಿನ ಬ್ರಿಡ್ಜ್, ಒಂದು ಫಿಲ್ಟರ್ ಕೆಪಾಸಿಟರ್, ಆಮೇಲೆ 5 ವೋಲ್ಟ್ ಸ್ಥಿರವಾಗಿ ಕೊಡುವ ರೆಗ್ಯುಲೇಟರ್ ಐಸಿ 7805. ರಿಲೇ ಮತ್ತು ಮೈಕ್ರೋಕಂಟ್ರೋಲರ್ ಸೇರಿ 300 ಮಿಲಿಆಂಪ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ.

ಪ್ರಶ್ನೆ ಸರಳ. ಶಕ್ತಿನಗರದ ವಿದ್ಯುತ್ ಸ್ಥಾವರ ಎಷ್ಟೇ ಹತ್ತಿರ ಇರಲಿ, ಹಳ್ಳಿಯ ಫೀಡರ್‌ನ ಕೊನೆಯಲ್ಲಿ ಎಲ್ಲ ಪಂಪುಗಳೂ ಒಟ್ಟಿಗೆ ಚಾಲೂ ಆದಾಗ ತಂತಿಯ ರೋಧದಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ. ಅದು 180ಕ್ಕೆ ಇಳಿದರೆ 7805ಕ್ಕೆ ಬೇಕಾದ ಕನಿಷ್ಠ 7 ವೋಲ್ಟ್ ಉಳಿಯುತ್ತದೆಯೇ?

ಟ್ರಾನ್ಸ್‌ಫಾರ್ಮರ್ ಬದಲು ಒಂದು ಸೈನ್ ಸೋರ್ಸ್ ಸಾಕು: 50 ಹರ್ಟ್ಸ್, ಶಿಖರ ಮೌಲ್ಯ 12 ಗುಣಿಸು 1.414, ಅಂದರೆ 17 ವೋಲ್ಟ್. ಅದರ ಜೊತೆ ಸರಣಿಯಲ್ಲಿ 1 ಓಮ್ ಇಡಲೇಬೇಕು, ವೈಂಡಿಂಗ್ ರೋಧದ ಲೆಕ್ಕಕ್ಕೆ. ಅದನ್ನು ಬಿಟ್ಟರೆ ಡಯೋಡಿನ ಕರೆಂಟ್ ಶಿಖರಗಳು ನಿಜದಲ್ಲಿ ಎಂದೂ ಬರದ ಎತ್ತರಕ್ಕೆ ಏರುತ್ತವೆ. ಲೋಡಿಗೆ ಕರೆಂಟ್ ಸೋರ್ಸ್ ಹಾಕುವಾಗ ಅದರ ಗುಣಗಳ ಪೆಟ್ಟಿಗೆಯಲ್ಲಿ ‘ಆಕ್ಟಿವ್ ಲೋಡ್’ ಎಂಬ ಗುರುತು ಒತ್ತಿ. ಒತ್ತದಿದ್ದರೆ ಶುರುವಿನಲ್ಲಿ ಕೆಪಾಸಿಟರ್ ಖಾಲಿ ಇರುವಾಗಲೂ ಆ ಸೋರ್ಸ್ ಹಟ ಹಿಡಿದು 300 ಮಿಲಿಆಂಪ್ ಎಳೆದು, ಔಟ್‌ಪುಟ್ಟನ್ನು ಸೊನ್ನೆಗಿಂತ ಕೆಳಗೆ ತಳ್ಳುತ್ತದೆ. ಸರ್ಕ್ಯೂಟಿನಲ್ಲಿ ಇಲ್ಲದ ನೆಗೆಟಿವ್ ವೋಲ್ಟೇಜ್ ನೋಡಿ ಗಾಬರಿಯಾಗುವವರು ಬಹಳ.

ಇನ್ನೊಂದು ಮಾತು, ತಂತಿಗಳಿಗೆ ಹೆಸರಿಡಿ. ಹೆಸರಿಡದಿದ್ದರೆ ಎಲ್‌ಟಿಸ್ಪೈಸ್ ತಾನೇ ಎನ್001, ಎನ್002 ಎಂದು ಕರೆಯುತ್ತದೆ. ನಡುವೆ ಒಂದು ರೆಸಿಸ್ಟರ್ ಸೇರಿಸಿದರೆ ಆ ಸಂಖ್ಯೆಗಳು ಅದಲುಬದಲಾಗುತ್ತವೆ. ನಿನ್ನೆ ಉಳಿಸಿಟ್ಟ ಪ್ಲಾಟ್ ಸೆಟ್ಟಿಂಗ್ ಇವತ್ತು ತೆರೆದರೆ ಔಟ್‌ಪುಟ್ ಜಾಗದಲ್ಲಿ ಬೇರೆ ಯಾವುದೋ ನೋಡ್ (ತಂತಿಗಳು ಸೇರುವ ಬಿಂದು) ಕುಣಿಯುತ್ತಿರುತ್ತದೆ.

ಬರೆದಿಡುವ ಕೆಲಸ

ರನ್ ಒತ್ತಿದಾಗ ಎಲ್‌ಟಿಸ್ಪೈಸ್ ಎಲ್ಲ ನೋಡ್‌ಗಳ ವೋಲ್ಟೇಜನ್ನೂ ಎಲ್ಲ ಭಾಗಗಳ ಕರೆಂಟನ್ನೂ ‘.ರಾ’ ಫೈಲಿಗೆ ಬರೆಯುತ್ತದೆ. ಇದು ದೊಡ್ಡ ಸೌಕರ್ಯ. ಮೊದಲೇ ಯೋಚಿಸದಿದ್ದರೂ ಆಮೇಲೆ ಯಾವ ಜಾಗದಲ್ಲಿ ಬೇಕಾದರೂ ಪ್ರೋಬ್ ಇಡಬಹುದು. ಆದರೆ ಸಬ್‌ಸರ್ಕ್ಯೂಟ್ ಒಳಗಿನ ವೋಲ್ಟೇಜ್, ಕರೆಂಟು ಇದರಲ್ಲಿ ಸೇರುವುದಿಲ್ಲ. ಐಸಿ ಮಾಡೆಲ್ಲಿನ ಒಳಗೆ ಇಣುಕಬೇಕಾದರೆ ಸೆಟ್ಟಿಂಗ್ಸ್‌ನ ಸೇವ್ ವಿಭಾಗದಲ್ಲಿ ಅವುಗಳ ಗುರುತನ್ನು ಬೇರೆಯಾಗಿ ಒತ್ತಿ, ಮತ್ತೆ ರನ್ ಮಾಡಬೇಕು.

ಎಲ್ಲವನ್ನೂ ಬರೆಯುವುದಕ್ಕೆ ಬೆಲೆಯಿದೆ. ಪ್ರತಿ ಬಿಂದುವಿಗೆ ಸಮಯಕ್ಕೆ 8 ಬೈಟ್, ಪ್ರತಿ ಸಿಗ್ನಲ್ಲಿಗೆ 4 ಬೈಟ್. ನಮ್ಮ ಸ್ಟಾರ್ಟರ್ ಸಪ್ಲೈನಲ್ಲಿ 12 ಸಿಗ್ನಲ್, 10 ಮೈಕ್ರೋಸೆಕೆಂಡಿಗೊಂದು ಬಿಂದು, 1 ಸೆಕೆಂಡ್ ಓಟ ಅಂದರೆ 1 ಲಕ್ಷ ಬಿಂದು, 56 ಬೈಟಿನಂತೆ 5.6 ಎಂಬಿ. ಲೆಕ್ಕಕ್ಕೇ ಇಲ್ಲ. ಅದೇ ಬಳ್ಳಾರಿಯ ಜೀನ್ಸ್ ಘಟಕಗಳ ಹೊಲಿಗೆ ಯಂತ್ರದ ಸರ್ವೋ ಡ್ರೈವ್ ಒಳಗಿರುವಂಥ ಸ್ವಿಚಿಂಗ್ ಸಪ್ಲೈ ತೆಗೆದುಕೊಳ್ಳಿ. 60 ಸಿಗ್ನಲ್, 0.1 ಮೈಕ್ರೋಸೆಕೆಂಡಿನ ಹೆಜ್ಜೆ, 1 ಸೆಕೆಂಡ್: 1 ಕೋಟಿ ಬಿಂದು ಗುಣಿಸು 248 ಬೈಟ್, 2.48 ಜಿಬಿ. ಲ್ಯಾಪ್‌ಟಾಪ್ ಏದುಸಿರು ಬಿಡತೊಡಗುತ್ತದೆ. ಇಲ್ಲಿ ‘.ಸೇವ್’ ಆಜ್ಞೆ ಕೈ ಹಿಡಿಯುತ್ತದೆ. ಸ್ಕೀಮ್ಯಾಟಿಕ್ ಮೇಲೆ ಬೇಕಾದ ಮೂರು ಸಿಗ್ನಲ್ ಹೆಸರು ಬರೆದರೆ ಪ್ರತಿ ಬಿಂದುವಿಗೆ 20 ಬೈಟ್, ಒಟ್ಟು 200 ಎಂಬಿ. ಟ್ರಾನ್ಸಿಸ್ಟರ್ ಹೆಸರಿಟ್ಟು ಕರೆಂಟ್ ಕೇಳಿದರೆ ಬೇಸ್, ಕಲೆಕ್ಟರ್, ಎಮಿಟರ್ ಮೂರೂ ಬರುತ್ತವೆ. ನಕ್ಷತ್ರ ಚಿಹ್ನೆ ಬಳಸಿ ಗುಂಪಾಗಿಯೂ ಆರಿಸಬಹುದು. ತೊಂದರೆ ಏನೆಂದರೆ, ‘.ಸೇವ್’ ಸಾಲು ಒಂದಿದ್ದರೆ ಅದರಲ್ಲಿ ಇಲ್ಲದ್ದು ಬರೆಯಲ್ಪಡುವುದೇ ಇಲ್ಲ. ಪ್ರೋಬ್ ಇಟ್ಟರೂ ಗೆರೆ ಬರದಿದ್ದಾಗ ಜನ ಸರ್ಕ್ಯೂಟನ್ನು ಶಂಕಿಸುತ್ತಾರೆ, ಆ ಸಾಲನ್ನು ಮರೆತಿರುತ್ತಾರೆ.

ಬರೆಯಲು ಶುರು ಮಾಡುವ ಹೊತ್ತನ್ನೂ ಆರಿಸಬಹುದು. ‘.ಟ್ರಾನ್’ ಸಾಲಿನ ಮೂರನೇ ಅಂಕೆ ಅದೇ. ಕೆಪಾಸಿಟರ್ ತುಂಬುವ ಮೊದಲ 100 ಮಿಲಿಸೆಕೆಂಡ್ ಬೇಡವೆಂದರೆ ಅಲ್ಲಿ 100 ಮಿಲಿ ಎಂದು ಕೊಟ್ಟರಾಯಿತು. ಲೆಕ್ಕ ಸೊನ್ನೆಯಿಂದಲೇ ನಡೆಯುತ್ತದೆ, ಫೈಲಿಗೆ ಮಾತ್ರ ಆಮೇಲಿನದು ಸೇರುತ್ತದೆ. ನಾಲ್ಕನೇ ಅಂಕೆ ಗರಿಷ್ಠ ಹೆಜ್ಜೆ. ಅದನ್ನು ಖಾಲಿ ಬಿಡುವುದೇ ವಿದ್ಯಾರ್ಥಿಗಳ ದೊಡ್ಡ ತಪ್ಪು. ಸಾಫ್ಟ್‌ವೇರ್ ಹೆಜ್ಜೆಯ ಉದ್ದವನ್ನು ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುತ್ತದೆ. ಗೆರೆ ನಿಧಾನವಾಗಿದ್ದರೆ ದಾಪುಗಾಲು, ಚುರುಕಾದರೆ ಪುಟ್ಟ ಹೆಜ್ಜೆ. ದಾಪುಗಾಲು ಹಾಕಿದಲ್ಲಿ ಸೈನ್ ಅಲೆ ಮೂಲೆ ಮೂಲೆಯಾಗಿ ಕಾಣುತ್ತದೆ. 50 ಹರ್ಟ್ಸ್ ಕೆಲಸಕ್ಕೆ 20 ಮೈಕ್ರೋಸೆಕೆಂಡ್ ಕೊಟ್ಟರೆ ಒಂದು ಸೈಕಲ್ಲಿಗೆ ಕನಿಷ್ಠ 1000 ಬಿಂದು ಸಿಗುತ್ತವೆ. ಅಷ್ಟು ಸಾಕು.

ಸದ್ದಿಲ್ಲದೆ ನಡೆಯುವ ಕಂಪ್ರೆಷನ್

ಎಲ್‌ಟಿಸ್ಪೈಸ್ ಬಗ್ಗೆ ನಮ್ಮ ಮುಖ್ಯ ದೂರು ಇದು. ಫೈಲ್ ಚಿಕ್ಕದಾಗಲಿ ಎಂದು ಅದು ಬಿಂದುಗಳನ್ನು ಸೋಸಿ, ನೇರ ಗೆರೆಯ ಮೇಲೆ ಬೀಳುವಂತೆ ಕಂಡವುಗಳನ್ನು ಎಸೆಯುತ್ತದೆ. ಈ ಸೋಸುವಿಕೆ ತಾನಾಗಿಯೇ ಚಾಲೂ ಇರುತ್ತದೆ. 300 ಬಿಂದುಗಳ ಕಿಟಕಿ, 0.0025 ಸಾಪೇಕ್ಷ ಸಡಿಲಿಕೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಆ ಗೆರೆಯ ಮೇಲೆ ಎಫ್‌ಎಫ್‌ಟಿ (ಸಿಗ್ನಲ್ಲಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ಮಾಡಿದರೆ, ಸರ್ಕ್ಯೂಟಿನಲ್ಲಿ ಇಲ್ಲದ ಗದ್ದಲ ಕೆಳಗೆ ಹುಲ್ಲಿನಂತೆ ಎದ್ದು ನಿಲ್ಲುತ್ತದೆ. ಎಸೆದ ಬಿಂದುಗಳ ಜಾಗದಲ್ಲಿ ಗೆರೆ ಎಳೆದು ತುಂಬಿದ್ದರ ಫಲ ಅದು.

ಪರಿಹಾರ ಒಂದೇ ಸಾಲು. ಸ್ಕೀಮ್ಯಾಟಿಕ್ ಮೇಲೆ ‘.ಆಪ್ಷನ್ಸ್ ಪ್ಲಾಟ್‌ವಿನ್‌ಸೈಜ್=0’ ಎಂದು ಇಡಿ. ಕಂಪ್ರೆಷನ್ ನಿಲ್ಲುತ್ತದೆ. ಇದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸುವುದಕ್ಕಿಂತ ಸ್ಕೀಮ್ಯಾಟಿಕ್ ಮೇಲೆಯೇ ಬರೆಯುವುದು ಒಳ್ಳೆಯದು, ಏಕೆಂದರೆ ಫೈಲನ್ನು ಗೆಳೆಯನಿಗೆ ಕೊಟ್ಟರೆ ಆ ಸಾಲೂ ಜೊತೆಗೆ ಹೋಗುತ್ತದೆ.

ಎರಡನೆಯದು ಅಂಕೆಗಳ ನಿಖರತೆ. ಸಿಗ್ನಲ್ ಮೌಲ್ಯಗಳು ಸಿಂಗಲ್ ಪ್ರಿಸಿಷನ್‌ನಲ್ಲಿ, ಅಂದರೆ ಸುಮಾರು ಏಳು ಅಂಕೆಗಳಷ್ಟೇ ನಿಖರವಾಗಿ ಉಳಿಯುತ್ತವೆ. 230 ವೋಲ್ಟಿನ ಮೇನ್ಸ್ ಶಿಖರ 325 ವೋಲ್ಟ್. ಆ ಎತ್ತರದಲ್ಲಿ ಅಕ್ಕಪಕ್ಕದ ಎರಡು ಮೌಲ್ಯಗಳ ನಡುವಿನ ಅಂತರವೇ ಸುಮಾರು 30 ಮೈಕ್ರೋವೋಲ್ಟ್. ಅಲ್ಲಿ ಕೆಲವೇ ಮೈಕ್ರೋವೋಲ್ಟಿನ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಹುಡುಕಿದರೆ ಮೆಟ್ಟಿಲು ಕಾಣುತ್ತದೆ, ರಿಪಲ್ ಕಾಣುವುದಿಲ್ಲ. ‘.ಆಪ್ಷನ್ಸ್ ನಮ್‌ಡಿಜಿಟಿ=7’ ಅಂದರೆ ಡಬಲ್ ಪ್ರಿಸಿಷನ್ ಸಿಗುತ್ತದೆ, ಫೈಲ್ ಕೂಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸ್ಟಾರ್ಟರ್ ಡಬ್ಬಿಗೆ ಇದೆಲ್ಲ ಬೇಡ, ಸೆನ್ಸರ್ ಆಂಪ್ಲಿಫೈಯರ್ ಮಾಡುವವರಿಗೆ ಬೇಕು.

ನೋಡುವ ಕೆಲಸ

ಇಲ್ಲಿ ಎಲ್‌ಟಿಸ್ಪೈಸ್‌ಗೆ ಪೂರ್ತಿ ಅಂಕ. ತಂತಿಯ ಮೇಲೆ ಕ್ಲಿಕ್ ಮಾಡಿದರೆ ವೋಲ್ಟೇಜ್. ಭಾಗದ ಮೇಲೆ ಕ್ಲಿಕ್ ಮಾಡಿದರೆ ಕರೆಂಟ್, ಕ್ಲ್ಯಾಂಪ್ ಮೀಟರ್ ಚಿತ್ರದ ಬಾಣ ದಿಕ್ಕನ್ನೂ ತೋರಿಸುತ್ತದೆ. ಆಲ್ಟ್ ಕೀ ಒತ್ತಿ ಭಾಗವನ್ನು ಕ್ಲಿಕ್ ಮಾಡಿದರೆ ಆ ಕ್ಷಣದ ಪವರ್. ಒಂದು ನೋಡ್ ಮೇಲೆ ಒತ್ತಿ ಹಿಡಿದು ಇನ್ನೊಂದಕ್ಕೆ ಎಳೆದರೆ ಎರಡರ ನಡುವಿನ ವ್ಯತ್ಯಾಸ. ಬ್ರಿಡ್ಜ್ ಸರ್ಕ್ಯೂಟಿನಲ್ಲಿ ಇದು ಬಂಗಾರದಂಥ ಅನುಕೂಲ. ಆದರೆ ಇದೇ ರೂಢಿಯನ್ನು ಕಾರ್ಯಾಗಾರಕ್ಕೆ ಒಯ್ಯಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಮೇನ್ಸ್‌ನಿಂದ ನಡೆಯುವ ಬೋರ್ಡಿನ ಬ್ರಿಡ್ಜಿಗೆ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಹಾಕಿದರೆ ಅರ್ತ್ ಮೂಲಕ ಶಾರ್ಟ್ ಆಗಿ ಡಯೋಡು, ಪ್ರೋಬು, ಸ್ಕೋಪು ಒಟ್ಟಿಗೆ ಹೋಗುತ್ತವೆ. ಅಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಬೇಕೇ ಬೇಕು.

ಕರೆಂಟಿನ ಚಿಹ್ನೆ ಬಗ್ಗೆ ಎಚ್ಚರ. ರೆಸಿಸ್ಟರನ್ನು ತಿರುಗಿಸಿ ಇಟ್ಟಿದ್ದರೆ ಕರೆಂಟ್ ನೆಗೆಟಿವ್ ಬರುತ್ತದೆ. ವೋಲ್ಟೇಜ್ ಸೋರ್ಸಿನ ಕರೆಂಟನ್ನು ಪ್ಲಸ್ ತುದಿಯಿಂದ ಒಳಗೆ ಹೋಗುವಂತೆ ಎಣಿಸುತ್ತಾರೆ. ಹಾಗಾಗಿ ಪವರ್ ಕೊಡುತ್ತಿರುವ ಸೋರ್ಸ್ ಯಾವಾಗಲೂ ನೆಗೆಟಿವ್ ಪವರ್ ತೋರಿಸುತ್ತದೆ. ತಪ್ಪಲ್ಲ, ರೂಢಿ.

ಸರಾಸರಿ ಮತ್ತು ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಬೇಕಾದರೆ ಕಂಟ್ರೋಲ್ ಕೀ ಒತ್ತಿ ಗೆರೆಯ ಹೆಸರನ್ನು ಕ್ಲಿಕ್ ಮಾಡಿ. ಪವರ್ ಗೆರೆಯಾದರೆ ಸರಾಸರಿ ವ್ಯಾಟ್ ಜೊತೆಗೆ ಒಟ್ಟು ಜೂಲ್ ಕೂಡ ಬರುತ್ತದೆ. ಇದರಲ್ಲೊಂದು ತೊಡಕಿದೆ: ಆ ಲೆಕ್ಕ ಕಿಟಕಿಯಲ್ಲಿ ಈಗ ಕಾಣುತ್ತಿರುವಷ್ಟು ಭಾಗಕ್ಕೆ ಮಾತ್ರ. ಒಂದೂವರೆ ಸೈಕಲ್ ಕಾಣುವಂತೆ ಜೂಮ್ ಮಾಡಿದ್ದರೆ ಉತ್ತರ ತಪ್ಪು. ಶುರುವಿನ ಇನ್‌ರಷ್ ಕರೆಂಟ್ ಕಿಟಕಿಯೊಳಗಿದ್ದರೆ ಇನ್ನೂ ತಪ್ಪು. 160ರಿಂದ 200 ಮಿಲಿಸೆಕೆಂಡ್ ವರೆಗೆ ಸರಿಯಾಗಿ ಎರಡು ಮೇನ್ಸ್ ಸೈಕಲ್ ಬರುವಂತೆ ಅಡ್ಡ ಅಕ್ಷದ ಮಿತಿಯನ್ನು ಕೈಯಾರೆ ಬರೆಯಿರಿ, ಮೌಸಿನಿಂದ ಎಳೆಯಬೇಡಿ.

ಇನ್ನೂ ನಂಬಿಕಸ್ಥ ದಾರಿ ‘.ಮೆಸ್’ ಆಜ್ಞೆ. ರಿಪಲ್ಲಿಗೆ ಪೀಕ್-ಟು-ಪೀಕ್, ಡಯೋಡ್ ಕರೆಂಟಿಗೆ ಮ್ಯಾಕ್ಸ್ ಮತ್ತು ಆರ್‌ಎಂಎಸ್, ರೆಗ್ಯುಲೇಟರ್ ಇನ್‌ಪುಟ್ಟಿಗೆ ಮಿನ್, ಪ್ರತಿಯೊಂದಕ್ಕೂ 160 ಮಿಲಿಯಿಂದ 200 ಮಿಲಿ ಎಂಬ ಗಡಿ. ಉತ್ತರ ಲಾಗ್ ಫೈಲಿನಲ್ಲಿ ಅಂಕೆಯಾಗಿ ಬೀಳುತ್ತದೆ. ಕರ್ಸರ್ ಹಿಡಿದು ಕಣ್ಣು ಕಿರಿದು ಮಾಡುವ ಕೆಲಸ ತಪ್ಪುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ‘.ಸ್ಟೆಪ್’ ಬಳಸಿ ಮೇನ್ಸ್ ವೋಲ್ಟೇಜನ್ನು 180, 230, 260 ಎಂದು ಮೂರು ಬಾರಿ ಓಡಿಸಿ, ಸೋರ್ಸಿನ ಶಿಖರವನ್ನು ಅದರ ಅನುಪಾತದಲ್ಲಿ ಬರೆಯಿರಿ. 180 ವೋಲ್ಟಿನಲ್ಲಿ ಸೆಕೆಂಡರಿ 9.4 ವೋಲ್ಟ್, ಶಿಖರ 13.3. ಎರಡು ಡಯೋಡ್ ಮತ್ತು 1 ಓಮ್ ಕಳೆದರೆ ಕೆಪಾಸಿಟರಿಗೆ ತಲುಪುವುದು ಹತ್ತು ಹತ್ತೂವರೆ ವೋಲ್ಟ್. 470 ಮೈಕ್ರೋಫ್ಯಾರಡ್ ಇದ್ದರೆ, ಚಾರ್ಜ್ ಸಿಗದ ಸುಮಾರು 7 ಮಿಲಿಸೆಕೆಂಡಿನಲ್ಲಿ 300 ಮಿಲಿಆಂಪ್ ಲೋಡು ನಾಲ್ಕೂವರೆ ವೋಲ್ಟಿನಷ್ಟು ಇಳಿಸುತ್ತದೆ. ಉಳಿಯುವುದು ಸುಮಾರು 6, 7805ಕ್ಕೆ ಸಾಲದು. ಸೆಕೆಂಡಿಗೆ ನೂರು ಬಾರಿ 5 ವೋಲ್ಟ್ ಕುಸಿದು ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ, ಕಾಂಟ್ಯಾಕ್ಟರ್ ಪಟಪಟ ಅನ್ನುತ್ತದೆ. 1000 ಮೈಕ್ರೋಫ್ಯಾರಡ್ ಹಾಕಿದರೆ ಇಳಿಕೆ ಎರಡೂಕಾಲು ವೋಲ್ಟ್ ಮಾತ್ರ, ಕನಿಷ್ಠ 8ರ ಆಸುಪಾಸು. ಕೆಲಸ ನಡೆಯುತ್ತದೆ. ಮೂರು ಗೆರೆಗಳು ಒಂದೇ ಕಿಟಕಿಯಲ್ಲಿ ಬಂದಾಗ ಕರ್ಸರನ್ನು ಮೇಲೆ ಕೆಳಗೆ ಬಾಣದ ಕೀಲಿಗಳಿಂದ ಒಂದರಿಂದ ಇನ್ನೊಂದಕ್ಕೆ ಜಿಗಿಸಬಹುದು, ಕರ್ಸರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದು ಯಾವ ವೋಲ್ಟೇಜಿನ ಓಟ ಎಂದು ಹೇಳುತ್ತದೆ. ಬಣ್ಣ ನೋಡಿ ಊಹಿಸಬೇಕಿಲ್ಲ.

260 ವೋಲ್ಟಿನ ಓಟವನ್ನೂ ಬಿಡದೆ ನೋಡಿ, ರಾತ್ರಿ ಪಂಪುಗಳು ನಿಂತಾಗ ಏರುವ ವೋಲ್ಟೇಜ್ ಅದು. ಆಗ ರೆಗ್ಯುಲೇಟರ್ ಇನ್‌ಪುಟ್ ಸರಾಸರಿ 15 ವೋಲ್ಟಿನ ಸುತ್ತ, ಅಂದರೆ 7805ರಲ್ಲಿ 10 ವೋಲ್ಟ್ ಗುಣಿಸು 0.3 ಆಂಪ್, 3 ವ್ಯಾಟ್ ಶಾಖ. ಟಿಒ-220 ಪ್ಯಾಕೇಜಿಗೆ ಹೀಟ್‌ಸಿಂಕ್ ಇಲ್ಲದಿದ್ದರೆ ಪ್ರತಿ ವ್ಯಾಟಿಗೆ ಸುಮಾರು 65 ಡಿಗ್ರಿ ಏರಿಕೆ, ಒಟ್ಟು 195. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ತಗಡಿನ ಡಬ್ಬಿಯೊಳಗೆ ಇದು ಉಳಿಯುವ ಮಾತೇ ಇಲ್ಲ, ಥರ್ಮಲ್ ಶಟ್‌ಡೌನ್ ಆಗಿಯೇ ತೀರುತ್ತದೆ. ಇದನ್ನು ಸಿಮ್ಯುಲೇಷನ್ ತಾನಾಗಿ ತೋರಿಸುವುದಿಲ್ಲ. ಎಲ್‌ಟಿಸ್ಪೈಸ್ ಏನೂ ಹೇಳದಿದ್ದರೆ 27 ಡಿಗ್ರಿಯಲ್ಲಿ ಲೆಕ್ಕ ಮಾಡುತ್ತದೆ. ನಮ್ಮ ಊರುಗಳಿಗೆ ಅದು ಡಿಸೆಂಬರಿನ ಸುಖ. ‘.ಟೆಂಪ್ 60’ ಎಂದು ಬರೆದರೆ ಎಲ್ಲ ಭಾಗಗಳೂ 60 ಡಿಗ್ರಿಗೆ ಹೋಗುತ್ತವೆ, ಆದರೆ ತನ್ನದೇ ಶಾಖದಿಂದ ಒಂದು ಭಾಗ ಮಾತ್ರ ಹೆಚ್ಚು ಕಾಯುವುದನ್ನು ಅದು ಲೆಕ್ಕಿಸುವುದಿಲ್ಲ. ರೆಸಿಸ್ಟರಿಗೆ ತಾಪ ಗುಣಾಂಕ ಕೊಡದಿದ್ದರೆ ಅದರ ಬೆಲೆಯೂ ಬದಲಾಗದು. ಪವರ್ ಗೆರೆಯ ಸರಾಸರಿ ತೆಗೆದುಕೊಂಡು ಶಾಖದ ಲೆಕ್ಕವನ್ನು ಕೈಯಲ್ಲೇ ಮಾಡಿ.

ಎಫ್‌ಎಫ್‌ಟಿ ಬಗ್ಗೆ ಎರಡು ಮಾತು. ಅಲ್ಲಿನ ಎತ್ತರ ಆರ್‌ಎಂಎಸ್ ಲೆಕ್ಕದ್ದು. ಶಿಖರ 1 ವೋಲ್ಟ್ ಇರುವ ಸೈನ್ ಅಲೆ 0 ಡೆಸಿಬಲ್ ತೋರಿಸುವುದಿಲ್ಲ, ಮೈನಸ್ 3 ತೋರಿಸುತ್ತದೆ. ಮನೆ ಇನ್ವರ್ಟರಿನ ಚೌಕ ಅಲೆಯ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನ ಅಲೆಗಳು) ನೋಡುವವರು ‘.ಫೋರ್’ ಆಜ್ಞೆಯನ್ನೂ ಬಳಸಬಹುದು. ಅದು ಲಾಗ್‌ನಲ್ಲಿ ಎರಡು ಡಿಸ್ಟಾರ್ಷನ್ ಅಂಕೆ ಕೊಡುತ್ತದೆ, ಒಂದು ಭಾಗಶಃ, ಒಂದು ಒಟ್ಟು. ಪೂರ್ಣ ಚೌಕ ಅಲೆಗೆ ಒಟ್ಟು ಶೇ. 48.3. ಒಂಬತ್ತನೇ ಹಾರ್ಮೋನಿಕ್ ವರೆಗೆ ಮಾತ್ರ ಕೂಡಿದರೆ ಶೇ. 42.9. ರಿಪೋರ್ಟಿನಲ್ಲಿ ಯಾವುದನ್ನು ಬರೆದಿರಿ ಎಂದು ಹೇಳದಿದ್ದರೆ ಎರಡು ಬ್ಯಾಚಿನ ಉತ್ತರಗಳು ಎಂದೂ ಹೊಂದುವುದಿಲ್ಲ.

ಬದಲಿ ಸಾಧನಗಳು

ಲಿನಕ್ಸ್ ಬಳಸುವವರಿಗೆ, ಪಿಸಿಬಿ ವರೆಗೂ ಹೋಗುವವರಿಗೆ ಕೀಕ್ಯಾಡ್ ಇದೆ. ಅದರ ಸಿಮ್ಯುಲೇಟರ್ ಒಳಗೆ ಓಡುವುದು ಎನ್‌ಜಿಸ್ಪೈಸ್. ಐಐಟಿ ಬಾಂಬೆಯ ಫಾಸೀ ಯೋಜನೆಯ ಇಸಿಮ್ ಎಂಬ ಸಿಮ್ಯುಲೇಟರ್ ಕೂಡ ಈ ಎರಡನ್ನೇ ಜೋಡಿಸಿ ಮಾಡಿದ್ದು. ಎನ್‌ಜಿಸ್ಪೈಸ್‌ನ ಸ್ವಭಾವ ಬೇರೆ. ಅದು ತಾನಾಗಿ ಬರೆಯುವುದು ನೋಡ್ ವೋಲ್ಟೇಜ್ ಮತ್ತು ವೋಲ್ಟೇಜ್ ಸೋರ್ಸುಗಳ ಕರೆಂಟ್ ಮಾತ್ರ. ಡಯೋಡಿನ ಕರೆಂಟ್ ಬೇಕಾದರೆ ‘.ಆಪ್ಷನ್ಸ್ ಸೇವ್‌ಕರೆಂಟ್ಸ್’ ಬರೆಯಬೇಕು, ಇಲ್ಲವೇ ಸರಣಿಯಲ್ಲಿ 0 ವೋಲ್ಟಿನ ಸೋರ್ಸ್ ಇಟ್ಟು ಅದನ್ನೇ ಆಮ್ಮೀಟರ್ ಮಾಡಿಕೊಳ್ಳಬೇಕು. ಕೀಕ್ಯಾಡ್‌ನಲ್ಲಾದರೆ ಎಲ್ಲ ಕರೆಂಟ್ ಉಳಿಸು ಎಂಬ ಗುರುತು ಒತ್ತಿದರೆ ಸಾಕು. ಅಲ್ಲಿನ ಟ್ಯೂನ್ ಸಾಧನ ನಮಗೆ ಬಹಳ ಹಿಡಿಸಿತು, ಕೆಪಾಸಿಟರ್ ಬೆಲೆಯನ್ನು ಗುಂಡಿಯಂತೆ ಸರಿಸಿದರೆ ಗೆರೆ ಮತ್ತೆ ಮೂಡುತ್ತದೆ. ಎಲ್‌ಟಿಸ್ಪೈಸ್‌ನಲ್ಲಿ ಇಂಥದ್ದಿಲ್ಲ. ಆದರೆ ಕ್ಲಿಕ್ ಮಾಡಿ ಸರಾಸರಿ, ಪವರ್, ವ್ಯತ್ಯಾಸ ನೋಡುವ ಸಲೀಸು ಎಲ್‌ಟಿಸ್ಪೈಸ್‌ನದೇ.

ಎಲ್‌ಟಿಸ್ಪೈಸ್, ಎನ್‌ಜಿಸ್ಪೈಸ್ ಎರಡಕ್ಕೂ ಸಾಮಾನ್ಯವಾದ ತಪ್ಪೊಂದಿದೆ: ಮೆಗಾ ಬರೆಯಬೇಕಾದಲ್ಲಿ ಬರೀ ‘ಎಂ’ ಬರೆಯುವುದು. ಸ್ಪೈಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಎರಡೂ ಮಿಲಿ. 1 ಮೆಗಾಓಮ್ ಎಂದುಕೊಂಡದ್ದು 1 ಮಿಲಿಓಮ್ ಆಗಿ, ಗೆರೆ ನೆಲಕಚ್ಚುತ್ತದೆ. ಮೆಗಾಕ್ಕೆ ‘ಮೆಗ್’ ಎಂದೇ ಬರೆಯಬೇಕು.

ಹೊರಗೆ ಒಯ್ಯುವಾಗ

ಎಲ್‌ಟಿಸ್ಪೈಸ್‌ನಿಂದ ಪಠ್ಯವಾಗಿ ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್ಲಿನಲ್ಲಿ ಆವರೇಜ್ ಸೂತ್ರ ಹಾಕುವುದು ಎಲ್ಲ ಕಾಲೇಜುಗಳಲ್ಲೂ ಕಾಣುವ ಅಭ್ಯಾಸ, ಬಹುಪಾಲು ತಪ್ಪು ಉತ್ತರ ಕೊಡುವ ಅಭ್ಯಾಸ. ಬಿಂದುಗಳ ನಡುವಿನ ಅಂತರ ಸಮ ಇರುವುದಿಲ್ಲ. ಡಯೋಡ್ ಆನ್ ಆಗುವ ಜಾಗದಲ್ಲಿ ನೂರು ಬಿಂದು, ಆಫ್ ಇರುವ ಉದ್ದ ಹೊತ್ತಿನಲ್ಲಿ ಹತ್ತು ಬಿಂದು ಇದ್ದರೆ, ಬರೀ ಸರಾಸರಿ ತೆಗೆದರೆ ಕರೆಂಟ್ ಇದ್ದದ್ದಕ್ಕಿಂತ ಬಹಳ ಹೆಚ್ಚು ಬರುತ್ತದೆ. ನಮ್ಮ ಬ್ರಿಡ್ಜಿನ ಪ್ರತಿ ಡಯೋಡಿನ ಸರಾಸರಿ 150 ಮಿಲಿಆಂಪ್ ಇರಲೇಬೇಕು, ಲೋಡಿನ ಅರ್ಧ. ಅದು ಬರದಿದ್ದರೆ ತಪ್ಪು ಎಕ್ಸೆಲ್ ಹಾಳೆಯಲ್ಲಿದೆ. ಪ್ರತಿ ಎರಡು ಬಿಂದುಗಳ ಸರಾಸರಿಯನ್ನು ಅವುಗಳ ನಡುವಿನ ಸಮಯದಿಂದ ಗುಣಿಸಿ, ಕೂಡಿ, ಒಟ್ಟು ಸಮಯದಿಂದ ಭಾಗಿಸಬೇಕು. ಎನ್‌ಜಿಸ್ಪೈಸ್‌ನಲ್ಲಿ ‘ಲೀನಿಯರೈಜ್’ ಆಜ್ಞೆ ಬಿಂದುಗಳನ್ನು ಸಮ ಅಂತರಕ್ಕೆ ತರುತ್ತದೆ, ಎಫ್‌ಎಫ್‌ಟಿಗೂ ಅದು ಮೊದಲು ಬೇಕು. ಅಲ್ಲಿನ ‘ಡಬ್ಲ್ಯುಆರ್‌ಡೇಟಾ’ ಪ್ರತಿ ಸಿಗ್ನಲ್ಲಿನ ಮುಂದೆಯೂ ಸಮಯದ ಕಾಲಂ ಮತ್ತೆ ಮತ್ತೆ ಬರೆಯುತ್ತದೆ. ‘ಡಬ್ಲ್ಯುಆರ್_ಸಿಂಗಲ್‌ಸ್ಕೇಲ್’ ಸೆಟ್ ಮಾಡಿದರೆ ಒಂದೇ ಕಾಲಂ ಸಾಕಾಗುತ್ತದೆ.

ಪೈಥಾನ್ ಬಲ್ಲವರು ‘.ರಾ’ ಫೈಲನ್ನು ಪೈಎಲ್‌ಟಿಸ್ಪೈಸ್ ಲೈಬ್ರರಿಯಿಂದ ನೇರ ಓದಬಹುದು. ಹಳೇ ಸ್ಕ್ರಿಪ್ಟುಗಳು ಕೈಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ಹೊಸ ಆವೃತ್ತಿಗಳ ಫೈಲಿನ ತಲೆಬರಹ ಯುಟಿಎಫ್-16ರಲ್ಲಿದೆ, ಆಸ್ಕಿ ಎಂದು ಓದಿದರೆ ಅಕ್ಷರಗಳ ನಡುವೆ ಸೊನ್ನೆ ಬೈಟುಗಳು ಬಂದು ಹೆಸರುಗಳು ಹೊಂದುವುದಿಲ್ಲ.

ಉಲ್ಟಾ ದಾರಿಯೂ ಇದೆ, ರಿಪೇರಿ ಅಂಗಡಿಗೆ ಅದೇ ಹೆಚ್ಚು ಉಪಯೋಗ. ಡಿಜಿಟಲ್ ಸ್ಕೋಪಿನಿಂದ ಪೆನ್‌ಡ್ರೈವಿಗೆ ಇಳಿಸಿದ ಅಳತೆಯನ್ನು ಸಮಯ ಮತ್ತು ವೋಲ್ಟ್ ಎಂಬ ಎರಡು ಕಾಲಮ್ಮಿನ ಪಠ್ಯ ಫೈಲ್ ಮಾಡಿ, ತಲೆಬರಹದ ಸಾಲುಗಳನ್ನು ಅಳಿಸಿ, ವೋಲ್ಟೇಜ್ ಸೋರ್ಸಿನ ಪಿಡಬ್ಲ್ಯುಎಲ್ ಫೈಲ್ (ಕೊಟ್ಟ ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸುವ) ಆಯ್ಕೆಯಲ್ಲಿ ಕೊಡಿ. ಆ ಸೋರ್ಸಿನ ಒಂದು ತುದಿ ಗ್ರೌಂಡಿಗೆ, ಇನ್ನೊಂದು ಯಾವುದಕ್ಕೂ ಜೋಡಿಸದ ಒಂದು ನೋಡಿಗೆ. ಸಮಯ ಸೊನ್ನೆಗಿಂತ ಕೆಳಗಿನಿಂದ ಶುರುವಾಗಿದ್ದರೆ, ಟ್ರಿಗರ್ ನಡುವೆ ಇಟ್ಟ ಸ್ಕೋಪುಗಳಲ್ಲಿ ಹಾಗೆಯೇ ಇರುತ್ತದೆ, ಇಡೀ ಕಾಲಮ್ಮಿಗೆ ಆ ಅಂತರವನ್ನು ಕೂಡಿ ಸೊನ್ನೆಗೆ ತನ್ನಿ. ಈಗ ಡಬ್ಬಿಯಲ್ಲಿ ಅಳೆದ ರಿಪಲ್ ಮತ್ತು ಲೆಕ್ಕದ ರಿಪಲ್ ಒಂದೇ ಕಿಟಕಿಯಲ್ಲಿ ಒಂದರ ಮೇಲೊಂದು ಬರುತ್ತವೆ. ಲೋಡ್ ಅಷ್ಟೇ ಇದ್ದು ಅಳೆದ ರಿಪಲ್ ಲೆಕ್ಕದ ಇಮ್ಮಡಿ ಇದ್ದರೆ, ಬಿಸಿಲಿಗೆ ಒಣಗಿದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ತನ್ನ ಅರ್ಧ ಬೆಲೆಗೆ ಇಳಿದಿದೆ ಎಂದೇ ಮೊದಲು ಶಂಕಿಸಿ. ಸಿಮ್ಯುಲೇಷನ್‌ನಲ್ಲಿ 1000 ಇದ್ದದ್ದನ್ನು 500 ಮಾಡಿ ಓಡಿಸಿ, ಎರಡು ಗೆರೆ ಕೂಡಿಕೊಂಡರೆ ಬೆಸುಗೆ ಕೋಲು ಬಿಸಿಗಿಡಬಹುದು.